ವಾಸ್ಕೋ ಡ ಗಾಮ: 1924ರ ಆ ಪತ್ರ

ದಕ್ಷಿಣ ಅಮೆರಿಕದ ಕ್ಲಬ್‌ಗಳ ದೊಡ್ಡ ಟೂರ್ನಿಯಾದ ಲಿಬರ್ಟಡೋರೆಸ್ ಕಪ್ ಅನ್ನು ಒಮ್ಮೆ ಮಾತ್ರ ಗೆದ್ದ ವಾಸ್ಕೋ ಡ ಗಾಮವನ್ನು ಬ್ರೆಜಿಲ್‌ನ ದೊಡ್ಡ ಫುಟ್‌ಬಾಲ್ ಕ್ಲಬ್ ಎನ್ನುವುದೇಕೆ ಎಂದು ಕೇಳಿದ್ದೀರಿ. ಕಪ್‌ಗಳ ಲೆಕ್ಕ ಆಮೇಲೆ. ಮೊದಲು 1923ಕ್ಕೆ ಹೋಗಬೇಕು.

ರಿಯೋದಲ್ಲಿ ಪೋರ್ಚುಗೀಸ್ ವಲಸಿಗರು 1898ರಲ್ಲಿ ದೋಣಿ ಸ್ಪರ್ಧೆಗಾಗಿ ಕಟ್ಟಿದ ಸಂಘವಿದು. ಕಪ್ಪು ವರ್ಣೀಯರೂ ಕೂಲಿಕಾರರೂ ಇದ್ದ ಇದರ ಫುಟ್‌ಬಾಲ್ ತಂಡ, ಮೇಲಿನ ದರ್ಜೆಗೆ ಬಂದ ಮೊದಲ ವರ್ಷವಾದ 1923ರಲ್ಲೇ ರಿಯೋ ಚಾಂಪಿಯನ್ ಆಯಿತು. ಕಪ್ಪು ಆಟಗಾರರು ರಿಯೋದ ಬಾಂಗು ಕ್ಲಬ್ಬಿನಲ್ಲಿ ಮೊದಲೇ ಇದ್ದರು, ನಿಜ. ಆದರೆ ಸಿರಿವಂತರ ಕ್ಲಬ್ಬುಗಳಿಗೆ ಸಹಿಸಲಾಗದೆ ಹೋದದ್ದು ಈ ಗೆಲುವು. ಅವು ಬೇರೆ ಲೀಗ್ ಕಟ್ಟಿ, ಸೇರಬೇಕಾದರೆ ಇಂಥ ಹನ್ನೆರಡು ಆಟಗಾರರನ್ನು ಕೈಬಿಡಿ ಎಂದು ವಾಸ್ಕೋಗೆ ಹೇಳಿದವು. 1924ರ ಏಪ್ರಿಲ್ 7ರಂದು ವಾಸ್ಕೋ ಅಧ್ಯಕ್ಷ ಜೋಸೆ ಅಗುಸ್ಟೊ ಪ್ರೆಸ್ಟೆಸ್ ಪತ್ರ ಬರೆದು, ಆ ಲೀಗೇ ಬೇಡ ಎಂದರು. ನನ್ನ ಮಟ್ಟಿಗೆ ಯಾವ ಟ್ರೋಫಿಯೂ ಈ ಪತ್ರಕ್ಕೆ ಸಮವಲ್ಲ.

ವಾಸ್ಕೋಗೆ ಸರಿಯಾದ ಮೈದಾನವಿಲ್ಲ ಎಂಬ ಆಕ್ಷೇಪಕ್ಕೂ ಉತ್ತರ ಸಿಕ್ಕಿತು: ಬೆಂಬಲಿಗರ ದೇಣಿಗೆಯಿಂದ 1927ರಲ್ಲಿ ಸಾವೊ ಜನುವಾರಿಯೊ ಕ್ರೀಡಾಂಗಣ ಎದ್ದು ನಿಂತಿತು.

ಇನ್ನು ಲೆಕ್ಕ: 1974, 1989, 1997 ಮತ್ತು 2000ರಲ್ಲಿ ರಾಷ್ಟ್ರೀಯ ಪ್ರಶಸ್ತಿ, ಶತಮಾನೋತ್ಸವದ 1998ರಲ್ಲೇ ಲಿಬರ್ಟಡೋರೆಸ್. ದಕ್ಷಿಣ ಅಮೆರಿಕದ ಇನ್ನೊಂದು ಕ್ಲಬ್ ಟೂರ್ನಿಯಾದ ಮೆರ್ಕೊಸುಲ್‌ನ 2000ರ ಫೈನಲ್ ಅನ್ನು ಹುಡುಕಿ ನೋಡಿ. ವಿರಾಮದ ವೇಳೆಗೆ ಪಾಲ್ಮೆಯಿರಾಸ್ ವಿರುದ್ಧ 0-3 ಹಿಂದಿದ್ದ ತಂಡ 4-3ರಿಂದ ಗೆದ್ದಿತು. ಮೂರು ಗೋಲು ರೊಮಾರಿಯೊನವು.