ಕಂಪ್ಯೂಟರಿನೊಳಗಿನ ರೋಗಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹೊಸ ಔಷಧಿಗಳನ್ನು ಈಗ ‘ವರ್ಚುವಲ್ ರೋಗಿ’ಗಳ ಮೇಲೆ ಪರೀಕ್ಷಿಸುತ್ತಾರಂತೆ. ಬಿ.ಫಾರ್ಮ ಓದುತ್ತಿರುವ ಮಗಳನ್ನು ಕೇಳಿದರೆ ‘ಅದೆಲ್ಲ ಲೆಕ್ಕ’ ಅನ್ನುತ್ತಾಳೆ. ಮೈಯೇ ಇಲ್ಲದ ರೋಗಿಗೆ ಮಾತ್ರೆ ಕೊಡುವುದು ಹೇಗೆ?
– ಓದುಗರು, ಗೋಣಿಕೊಪ್ಪ

ಉತ್ತರ: ಮಗಳು ಹೇಳಿದ್ದು ಸರಿ. ಪ್ಯಾರಾಸಿಟಮಾಲ್ ಮಾತ್ರೆಯನ್ನೇ ತೆಗೆದುಕೊಳ್ಳಿ. 55 ಕೆ.ಜಿ. ತೂಕದವರಲ್ಲಿ ಅದು ಸುಮಾರು 50 ಲೀಟರ್ ನೀರಿಗೆ ಹಾಕಿದಂತೆ ಹರಡುತ್ತದೆ. 500 ಮಿ.ಗ್ರಾಂ. ಪೂರ್ತಿ ಒಮ್ಮೆಗೇ ರಕ್ತ ಸೇರಿತು ಎಂದುಕೊಂಡರೆ ಲೀಟರಿಗೆ 10 ಮಿ.ಗ್ರಾಂ. ಎರಡರಿಂದ ಮೂರು ಗಂಟೆಗೊಮ್ಮೆ ಅದು ಅರ್ಧಕ್ಕಿಳಿಯುತ್ತದೆ. ಎರಡೂವರೆ ಎಂದು ಹಿಡಿದರೆ, ಐದು ಗಂಟೆಯ ಹೊತ್ತಿಗೆ ಉಳಿಯುವುದು ಲೀಟರಿಗೆ 2.5 ಮಿ.ಗ್ರಾಂ. ಇಷ್ಟಾದರೆ ಅತ್ಯಂತ ಸರಳವಾದ ಒಬ್ಬ ವರ್ಚುವಲ್ ರೋಗಿ ಸಿದ್ಧ.

ನಿಜವಾದ ಕೆಲಸಕ್ಕೆ ಕರುಳು, ಯಕೃತ್ತು, ಮೂತ್ರಪಿಂಡ, ಕೊಬ್ಬು, ಸ್ನಾಯುಗಳನ್ನು ಬೇರೆ ಬೇರೆ ಕೋಣೆಗಳಂತೆ ಇಟ್ಟು, ಅವುಗಳ ನಡುವೆ ರಕ್ತ ಹರಿಸುತ್ತಾರೆ. ಸುಮ್ಮನೆ ಕುಳಿತ ವಯಸ್ಕರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಯಕೃತ್ತಿಗೆ, ಐದರಲ್ಲೊಂದು ಭಾಗ ಮೂತ್ರಪಿಂಡಗಳಿಗೆ. ಆಮೇಲೆ ತೂಕ, ವಯಸ್ಸು, ಮೂತ್ರಪಿಂಡದ ಶಕ್ತಿ, ಯಕೃತ್ತಿನ ಕಿಣ್ವಗಳ ಪ್ರಮಾಣವನ್ನು ಬದಲಿಸುತ್ತ ಹೋದರೆ ಸಾವಿರ ಮಂದಿ ತಯಾರು.

ಕೆಲಸ ಕೆಡುವುದು ಬಹಳ ಸಲ ಇಲ್ಲೇ. ಒಂದೊಂದು ಗುಣವನ್ನೂ ಬೇರೆ ಬೇರೆಯಾಗಿ ಚೀಟಿ ಎತ್ತಿದಂತೆ ಆರಿಸಿದರೆ, 85 ವರ್ಷದ ಅಜ್ಜಿಗೆ 20ರ ಹುಡುಗನ ಮೂತ್ರಪಿಂಡ ಬಂದು ಕೂರುತ್ತದೆ. ಲೆಕ್ಕ ಸಲೀಸಾಗಿ ಓಡುತ್ತದೆ, ಆದರೆ ಅಂಥ ಮನುಷ್ಯರು ಎಲ್ಲೂ ಇಲ್ಲ. ವಯಸ್ಸಿಗೂ ಮೂತ್ರಪಿಂಡಕ್ಕೂ, ಎತ್ತರಕ್ಕೂ ತೂಕಕ್ಕೂ ಇರುವ ನಂಟನ್ನು ಉಳಿಸಿಕೊಂಡೇ ಆರಿಸಬೇಕು. ಇನ್ನೊಂದು ತಪ್ಪು, ಮಾದರಿ (ಅಂದರೆ ಈ ಇಡೀ ಲೆಕ್ಕ) ಕಟ್ಟಲು ಬಳಸಿದ ಅಂಕಿಗಳಿಂದಲೇ ಅದನ್ನು ಪರೀಕ್ಷಿಸುವುದು. ಮೊದಲೇ ಉತ್ತರ ತೋರಿಸಿ ಪರೀಕ್ಷೆ ಬರೆಸಿದರೆ ಎಲ್ಲರೂ ಪಾಸು! ಒಂದಷ್ಟು ನಿಜ ರೋಗಿಗಳ ಅಂಕಿಗಳನ್ನು ಮೊದಲೇ ಎತ್ತಿಟ್ಟು, ಮಾದರಿ ಮುಗಿದ ಮೇಲೆ ಹೋಲಿಸಿ ನೋಡಬೇಕು.

ಚೆನ್ನಾಗಿ ಮಾಡಿದ್ದಕ್ಕೆ ಒಂದು ಉದಾಹರಣೆ: ಅಮೆರಿಕದ ವರ್ಜೀನಿಯಾ ಮತ್ತು ಇಟಲಿಯ ಪಡುವಾ ವಿಶ್ವವಿದ್ಯಾಲಯಗಳು ಟೈಪ್ 1 ಸಕ್ಕರೆ ಕಾಯಿಲೆಗೆ ಕಟ್ಟಿದ ಮಾದರಿ. ಅದರಲ್ಲಿ 100 ವಯಸ್ಕರು, 100 ಹದಿಹರೆಯದವರು, 100 ಮಕ್ಕಳು. ತಾನಾಗಿ ಇನ್ಸುಲಿನ್ ಕೊಡುವ ಯಂತ್ರಗಳ ವಿಷಯದಲ್ಲಿ ಪ್ರಾಣಿ ಪರೀಕ್ಷೆಯ ಬದಲಿಗೆ ಈ ಮಾದರಿ ಸಾಕು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಒಪ್ಪಿತು. ನಮ್ಮ ದೇಶದ ಔಷಧ ಪ್ರಯೋಗ ನಿಯಮಗಳಲ್ಲೂ 2023ರ ತಿದ್ದುಪಡಿಯಿಂದ ಕಂಪ್ಯೂಟರ್ ಮಾದರಿಗಳಿಗೆ ಜಾಗ ಸಿಕ್ಕಿದೆ.

ಪ್ರಶ್ನೆ: ನಮ್ಮ ಪಕ್ಕದ ತೋಟದ ಲೈನ್ ಮನೆಯವರನ್ನು ಔಷಧ ಪ್ರಯೋಗಕ್ಕೆ ಸೇರಿ ಎಂದು ಕೇಳಿದ್ದಾರೆ. ಕಂಪ್ಯೂಟರ್ ಇರುವಾಗ ಮನುಷ್ಯರು ಯಾಕೆ ಬೇಕು?
– ತೋಟದ ರೈಟರ್, ಸುಂಟಿಕೊಪ್ಪ

ಉತ್ತರ: ಅಳೆದು ತುಂಬಿಸಿದ್ದಷ್ಟೇ ಮಾದರಿಗೆ ಗೊತ್ತು. ಹತ್ತು ಸಾವಿರದಲ್ಲಿ ಒಬ್ಬರ ಚರ್ಮ ಸುಲಿದು ಬರುವಂಥ ಅಲರ್ಜಿಯ ಕಾರಣ ಸಮೀಕರಣದಲ್ಲಿ ಇಲ್ಲದಿದ್ದರೆ ಉತ್ತರದಲ್ಲೂ ಬಾರದು. ಬುಡಕಟ್ಟಿನ ಯರವರು, ಕುರುಬರು, ಲೈನ್ ಮನೆಯ ಕೂಲಿಯವರು ಯಾವ ಅಧ್ಯಯನದಲ್ಲೂ ಇಲ್ಲದಿದ್ದರೆ ಅವರ ಪರವಾಗಿ ಕಂಪ್ಯೂಟರ್ ಹೇಳುವುದು ಬರೀ ಊಹೆ. ಅದಕ್ಕಾಗಿ ಅವರು ಸೇರುವುದು ಒಳ್ಳೆಯದೇ, ಆದರೆ ತಿಳಿದು ಸೇರಬೇಕು.

ಮೊದಲು ಸಿಟಿಆರ್‌ಐ (ದೇಶದ ಔಷಧ ಪ್ರಯೋಗಗಳ ಸರ್ಕಾರಿ ದಾಖಲೆ) ನೋಂದಣಿ ಸಂಖ್ಯೆ ಕೇಳಿ. ಅದಿಲ್ಲದೆ ಪ್ರಯೋಗ ನಡೆಸುವಂತಿಲ್ಲ. 2019ರ ನಿಯಮದಂತೆ, ಒಪ್ಪಿಗೆ ಪತ್ರವನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು. ಓದಲು ಬಾರದವರಾದರೆ, ಪ್ರಯೋಗ ನಡೆಸುವವರಿಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಪೂರ್ತಿ ಹೊತ್ತು ಜೊತೆಗಿದ್ದು ಸಹಿ ಹಾಕಬೇಕು. ಬೇಡವೆನಿಸಿದ ದಿನ ಬಿಡಬಹುದು, ಅದಕ್ಕಾಗಿ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಅವರ ಹಕ್ಕು. ರೈಟರ್ ಆಗಿ ನೀವು ಸಾಕ್ಷಿಯಾಗಬೇಡಿ ಎಂದು ಕೇಳಿಕೊಳ್ಳುತ್ತೇವೆ. ಕೂಲಿ ಬರೆಯುವವರ ಎದುರು ‘ಬೇಡ’ ಎನ್ನುವುದು ಯಾರಿಗೂ ಸುಲಭವಲ್ಲ.

ಪ್ರಶ್ನೆ: ಅವ್ವನಿಗೆ 68 ವರ್ಷ, ಇನ್ಸುಲಿನ್ ಇದೆ. ಮೈಸೂರಿನ ಡಾಕ್ಟರಿಗೆ ವಿಡಿಯೊದಲ್ಲೇ ತೋರಿಸುತ್ತೇವೆ. ಮಳೆಗಾಲದಲ್ಲಿ ಮಾತ್ರ ಗ್ಲುಕೋಮೀಟರ್ ಒಮ್ಮೆ 140, ಹತ್ತು ನಿಮಿಷಕ್ಕೆ 230 ತೋರಿಸುತ್ತದೆ. ಆ್ಯಪ್ ನೋಡಿ ಡೋಸ್ ಏರಿಸಬಹುದೆ?
– ಓದುಗರು, ನಾಪೋಕ್ಲು

ಉತ್ತರ: ಬೇಡ. ಆ್ಯಪ್‌ಗೆ ಕಾಣುವುದು ನೀವು ಕೊಟ್ಟ ಅಂಕಿ ಮಾತ್ರ. ಅಂಕಿಯೇ ಕೆಟ್ಟಿದ್ದರೆ ಸಲಹೆಯೂ ಕೆಟ್ಟಿರುತ್ತದೆ.

ಮೊದಲ ಗುಮಾನಿ ಸ್ಟ್ರಿಪ್ ಮೇಲೆ. ಅದರ ತುದಿಯಲ್ಲಿರುವ ಕಿಣ್ವ ತೇವಕ್ಕೆ ಹಾಳಾಗುತ್ತದೆ, ಕಕ್ಕಡ ತಿಂಗಳ ಮಳೆಯಲ್ಲಂತೂ ಬೇಗ. ಒಂದು ಸ್ಟ್ರಿಪ್ ತೆಗೆದ ತಕ್ಷಣ ಡಬ್ಬಿ ಮುಚ್ಚಿ, ಅಡುಗೆಮನೆಯಲ್ಲಿ ಇಡಬೇಡಿ, ತೆರೆದ ದಿನಾಂಕವನ್ನು ಡಬ್ಬಿಯ ಮೇಲೆ ಬರೆದು, ಕಂಪನಿ ಹೇಳಿದ ಅವಧಿ ಮುಗಿದ ಮೇಲೆ ಎಸೆಯಿರಿ. ಎರಡನೆಯದು ಬೆರಳು. ಕಿತ್ತಳೆ ಸುಲಿದ ಕೈಯಲ್ಲಿ ಪರೀಕ್ಷಿಸಿದರೆ ಹಣ್ಣಿನ ಸಕ್ಕರೆಯೂ ಲೆಕ್ಕಕ್ಕೆ ಸೇರುತ್ತದೆ. ಸ್ಯಾನಿಟೈಸರ್ ಸಾಲದು. ಸೋಪು ಹಾಕಿ ತೊಳೆದು, ಪೂರ್ತಿ ಒರೆಸಿ, ಆಮೇಲೆ ಚುಚ್ಚಿ.

ತೋಳಿಗೆ ಅಂಟಿಸುವ ಸೆನ್ಸರ್ ಇದ್ದರೆ, ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಹೀಗಾಗಿ ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಇರುತ್ತದೆ. ಬೆವರು, ನಡುಕ ಇದ್ದೂ ಸೆನ್ಸರ್ ‘ಸರಿಯಿದೆ’ ಎಂದರೆ ಬೆರಳು ಚುಚ್ಚಿಯೇ ನೋಡಿ. 70ಕ್ಕಿಂತ ಕೆಳಗಿದ್ದು ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.

ಡಾಕ್ಟರಿಗೆ ಬರೀ ಅಂಕಿ ಕಳಿಸಿದರೆ ಪ್ರಯೋಜನ ಕಡಿಮೆ. ಹೊತ್ತು, ಇನ್ಸುಲಿನ್ ಯೂನಿಟ್, ತಿಂದ ಅಕ್ಕಿ ರೊಟ್ಟಿ ಅಥವಾ ಕಡಂಬುಟ್ಟು ಎಷ್ಟು, ತೋಟದಲ್ಲಿ ನಡೆದದ್ದೆಷ್ಟು, ಇಷ್ಟನ್ನೂ ಪುಸ್ತಕದಲ್ಲಿ ಬರೆದು, ನೆಟ್‌ವರ್ಕ್ ಇದ್ದಾಗ ಫೋಟೊ ಕಳಿಸಿ. ಕರೆಂಟ್ ದಿನಗಟ್ಟಲೆ ಹೋದರೆ ಬಳಕೆಯಲ್ಲಿರುವ ಇನ್ಸುಲಿನ್ ಮನೆಯ ತಂಪಿನಲ್ಲೇ ಸಾಮಾನ್ಯವಾಗಿ ನಾಲ್ಕು ವಾರ ಬಾಳುತ್ತದೆ. ಅದನ್ನು ಐಸ್ ಮೇಲೆ ನೇರ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ ಬಾಟಲಿ ಮತ್ತೆ ಕರಗಿದರೂ ಎಸೆಯಬೇಕಾದ್ದೇ.