ಜೋಶುವಾ ಚೇಂಬರ್ಲೇನ್ ಕುರಿತ ನಿಮ್ಮ ಲೇಖನ

ಮಾನ್ಯರೇ,

ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿ, ಮುಂದೆ ಮೇನ್ ರಾಜ್ಯದ ಗವರ್ನರ್ ಆದ ಜೋಶುವಾ ಚೇಂಬರ್ಲೇನ್ ಅವರ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ತಿದ್ದಿ ಬರೆದರೆ ಖಂಡಿತ ಮತ್ತೆ ಓದುತ್ತೇನೆ.

ಹನ್ನೆರಡು ಪುಟಗಳಲ್ಲಿ ಒಂಬತ್ತನ್ನು ನೀವು 1863ರ ಜುಲೈ 2ರ ಒಂದು ಇಳಿಹೊತ್ತಿಗೇ ಕೊಟ್ಟಿದ್ದೀರಿ. ಗೆಟಿಸ್‌ಬರ್ಗ್‌ನ ಲಿಟ್ಲ್ ರೌಂಡ್ ಟಾಪ್ ಗುಡ್ಡದಲ್ಲಿ ಮದ್ದುಗುಂಡು ಮುಗಿಯುತ್ತ ಬಂದಾಗ ಚೇಂಬರ್ಲೇನ್ ನೇತೃತ್ವದ ಮೇನ್‌ನ 20ನೆಯ ರೆಜಿಮೆಂಟು ಬಯೊನೆಟ್ (ಬಂದೂಕಿನ ತುದಿಯ ಚೂರಿ) ಹಿಡಿದು ಕೆಳಕ್ಕೆ ನುಗ್ಗಿದ್ದು ರೋಚಕವೇ ಸರಿ. ಆದರೆ ಆ ಆಜ್ಞೆ ಹೇಗೆ ಹೊರಟಿತೆಂಬ ಬಗ್ಗೆ ಅದೇ ರೆಜಿಮೆಂಟಿನ ಎಲ್ಲಿಸ್ ಸ್ಪಿಯರ್ ಬೇರೆಯೇ ಮಾತು ಹೇಳಿದ್ದಾರೆ. ನೀವೋ ನಾಟಕದ ಸಂಭಾಷಣೆ ತುಂಬಿದ್ದೀರಿ. ಅದನ್ನು ತೆಗೆಯಿರಿ. ‘ಕೆಚ್ಚೆದೆಯ ಕಲಿ’ಯೂ ಬೇಡ (ಏಳು ಬಾರಿ ಎಣಿಸಿದೆ). ಬೋಡನ್ ಕಾಲೇಜಿನ ಮೇಷ್ಟರೊಬ್ಬರು 1862ರಲ್ಲಿ ಸೈನ್ಯ ಸೇರಿದರೆಂದರೆ ಓದುಗರಿಗೆ ಅಷ್ಟೇ ಸಾಕು.

‘ನಾಲ್ಕು ಬಾರಿ ರಾಜ್ಯಪಾಲರಾದರು’ ಎಂಬ ವಾಕ್ಯದಲ್ಲಿ ಎರಡು ತೊಡಕುಗಳಿವೆ. ರಾಜ್ಯಪಾಲ ಎಂದೊಡನೆ ನಮ್ಮವರಿಗೆ ನೆನಪಾಗುವುದು ರಾಜಭವನ. ಅಲ್ಲಿನ ಗವರ್ನರ್ ಜನರಿಂದ ಆರಿಸಿಬಂದು ಆಡಳಿತ ನಡೆಸುವವರು, ನಮ್ಮ ಮುಖ್ಯಮಂತ್ರಿಗೇ ಹತ್ತಿರ. ಆಗ ಮೇನ್‌ನಲ್ಲಿ ಅವಧಿ ಒಂದೇ ವರ್ಷದ್ದಾದ್ದರಿಂದ, ನಾಲ್ಕು ಬಾರಿ ಎಂದರೆ 1867ರಿಂದ 1871ರವರೆಗೆ ಮಾತ್ರ. ಪಾನನಿಷೇಧದ ಜಾರಿಗೆ ವಿಶೇಷ ಪೊಲೀಸು ಪಡೆ ಬೇಡವೆಂದು ಅವರು ಸ್ವಪಕ್ಷದವರನ್ನೇ ಎದುರುಹಾಕಿಕೊಂಡದ್ದನ್ನು ನೀವು ಮುಟ್ಟಿಯೇ ಇಲ್ಲ.

ಲೇಖನ ನಿಜವಾಗಿ ಆರಂಭವಾಗಬೇಕಾದದ್ದು 1880ರ ಜನವರಿಯಿಂದ. ಅದನ್ನು ಕೊನೆಯ ಪುಟದ ಮೂರು ಸಾಲುಗಳಲ್ಲಿ ಹೂತುಬಿಟ್ಟಿದ್ದೀರಿ. ಚುನಾವಣಾ ಫಲಿತಾಂಶದ ಜಗಳದಿಂದ ರಾಜ್ಯಕ್ಕೆ ಗವರ್ನರೇ ಇಲ್ಲದಂತಾಗಿ, ರಾಜಧಾನಿ ಅಗಸ್ಟಾದಲ್ಲಿ ಎರಡೂ ಬಣಗಳು ಕಾದಾಟಕ್ಕೆ ಸಜ್ಜಾಗಿದ್ದಾಗ, ಕಾಲೇಜಿನ ಅಧ್ಯಕ್ಷರೂ ರಾಜ್ಯ ಮಿಲಿಷಿಯಾದ (ನಾಗರಿಕರ ಸೇನಾಪಡೆಯ) ಮೇಜರ್ ಜನರಲ್ಲರೂ ಆಗಿದ್ದ ಚೇಂಬರ್ಲೇನ್, ಮಿಲಿಷಿಯಾವನ್ನು ಬೀದಿಗಿಳಿಸದೆ ಪೊಲೀಸರ ನೆರವಿನಿಂದಲೇ ಶಾಂತಿ ಕಾಪಾಡಿ, ತಮ್ಮದೇ ರಿಪಬ್ಲಿಕನ್ನರ ಒತ್ತಡಕ್ಕೂ ಮಣಿಯದೆ, ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯ ಬರುವವರೆಗೆ ಹನ್ನೆರಡು ದಿನ ಕಾದರು. 1864ರಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಸೊಂಟಕ್ಕೆ ಹೊಕ್ಕ ಗುಂಡಿನ ಗಾಯ, ಪತ್ರಿಕೆಗಳು ಅವರ ಸಾವಿನ ಸುದ್ದಿಯನ್ನೇ ಅಚ್ಚು ಹಾಕುವಂತೆ ಮಾಡಿದ್ದ ಆ ಗಾಯ, ಆಗಲೂ ಮಾಗಿರಲಿಲ್ಲ. ಈ ಹನ್ನೆರಡು ದಿನಗಳಿಗೆ ಕನಿಷ್ಠ ನಾಲ್ಕು ಪುಟ ಕೊಡಿ. ಗುಡ್ಡಕ್ಕೆ ಒಂದೂವರೆ ಪುಟ ಸಾಲದೇ?

ತಿದ್ದಿದ ಪ್ರತಿಯನ್ನು ಎಂಟು ಪುಟ ಮೀರದಂತೆ ಕಳುಹಿಸಿ.

ಇತಿ,
ಸಂಪಾದಕ