ಗಡಿಯಲ್ಲಿರುವ ಕ್ಲಾಸ್‌ಮೇಟ್‌ಗೆ ಈ ಹೊತ್ತಿನಲ್ಲಿ ಮೆಸೇಜ್ ಮಾಡಬಹುದೇ?

ನಿಮ್ಮ ಪ್ರಶ್ನೆ ಓದಿದೆ. ಚಿಕ್ಕಮಗಳೂರಿನಲ್ಲಿ ನಿಮ್ಮ ಜೊತೆ ಡಿಗ್ರಿ ಓದಿದ ಗೆಳೆಯ ಸೇನೆಯಲ್ಲಿದ್ದಾರೆ, ಜಮ್ಮು ಕಡೆ ಪೋಸ್ಟಿಂಗ್. ಆಪರೇಷನ್ ಸಿಂಧೂರ್ ಶುರುವಾದ 2025ರ ಮೇ 7ರ ಬೆಳಿಗ್ಗೆಯಿಂದ ನೀವು ಹಾಕಿದ ಮೆಸೇಜಿಗೆಲ್ಲ ಒಂದೇ ಟಿಕ್. ಮತ್ತೆ ಮತ್ತೆ ಮೆಸೇಜ್ ಮಾಡಿದರೆ ಅವರಿಗೆ ತೊಂದರೆಯಾಗುತ್ತಾ, ಊರಿನಲ್ಲಿರುವ ಅವರ ತಾಯಿಗೆ ಫೋನ್ ಮಾಡಿ ವಿಚಾರಿಸಬಹುದಾ ಅಂತ ಕೇಳಿದ್ದೀರಿ.

ಮೆಸೇಜ್ ಮಾಡಿ. ತಾಯಿಗೆ ಫೋನ್ ಮಾಡಬೇಡಿ, ಹೋಗಿ ನೋಡಿಕೊಂಡು ಬನ್ನಿ. ಇಷ್ಟು ಖಡಾಖಂಡಿತವಾಗಿ ಯಾಕೆ ಹೇಳುತ್ತಿದ್ದೇನೆ ಅಂದರೆ, 1999ರ ಜೂನ್‌ನಲ್ಲಿ ನಾನು ಮಾಡಿದ ಒಂದು ತಪ್ಪು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ನಾನು ಹಾಸನದಲ್ಲಿ ಬಿಎಸ್ಸಿ ಓದಿದವನು, 1994ರ ಬ್ಯಾಚು. ಹಾಸ್ಟೆಲಿನಲ್ಲಿ ನಮ್ಮನ್ನೆಲ್ಲ ಊರಿನ ಹೆಸರಿಂದಲೇ ಕರೆಯುತ್ತಿದ್ದರು. ನಾನು ದುದ್ದ. ನನ್ನ ರೂಮಿನಲ್ಲಿದ್ದವನು ಅರಕಲಗೂಡು. ಅವನು ಸಿಡಿಎಸ್ ಪರೀಕ್ಷೆ ಬರೆದು, ಚೆನ್ನೈನ ಅಕಾಡೆಮಿಯಲ್ಲಿ ತರಬೇತಿ ಮುಗಿಸಿ ಸೇನೆ ಸೇರಿದ. ನಾನು ಊರಿಗೆ ಬಂದು ಅಪ್ಪನ ಜೊತೆ ಹೊಲಕ್ಕಿಳಿದೆ. ಕಾರ್ಗಿಲ್ ಶುರುವಾದಾಗ ಅವನು ಕಾಶ್ಮೀರದಲ್ಲಿದ್ದಾನೆ ಅನ್ನುವುದಷ್ಟೇ ನಮಗೆ ಗೊತ್ತಿತ್ತು. ವಿಳಾಸದಲ್ಲಿ ನಂಬರು, ಹೆಸರು, ಯೂನಿಟ್ಟು, ಕೇರಾಫ್ 56 ಎಪಿಒ, ಅಷ್ಟೇ. ಕಾಗದ ಮೊದಲು ದಿಲ್ಲಿಯ ಸೇನಾ ಅಂಚೆಗೆ ಹೋಗಿ, ಅಲ್ಲಿಂದ ಯೂನಿಟ್ ಎಲ್ಲಿದೆಯೋ ಅಲ್ಲಿಗೆ ಹೋಗುತ್ತದೆ. ಬರೆಯುವವನಿಗೆ ಊರು ಗೊತ್ತಾಗುವುದೇ ಇಲ್ಲ.

ಆ ಜೂನ್‌ನಲ್ಲಿ ಟಿವಿಯಲ್ಲಿ ದಿನಾ ದ್ರಾಸ್, ಬಟಾಲಿಕ್, ತೋಲೋಲಿಂಗ್. ಒಂದು ರಾತ್ರಿ ವಾರ್ತೆಯಲ್ಲಿ ಹುತಾತ್ಮರಾದ ಅಧಿಕಾರಿಗಳ ವಿಷಯ ಬಂತು. ಹೆಸರು ಸರಿಯಾಗಿ ಕಿವಿಗೆ ಬೀಳಲಿಲ್ಲ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಡೈರಿಯಲ್ಲಿ ಅವನ ಮನೆಯದು ಒಂದು ಪಿಪಿ ನಂಬರ್ ಇತ್ತು, ಪಕ್ಕದ ಮನೆಯವರದು. ಎಸ್‌ಟಿಡಿ ಬೂತಿಗೆ ಓಡಿ, ಒಂಬತ್ತೂವರೆ ಹತ್ತರ ಹೊತ್ತಿಗೆ ಫೋನ್ ಹಚ್ಚಿದೆ. ‘ಅವರ ತಾಯಿಯನ್ನು ಸ್ವಲ್ಪ ಕರೀತೀರಾ, ಅವರ ಮಗನ ಫ್ರೆಂಡು’ ಅಂದೆ. ರಿಸೀವರ್ ಕೆಳಗಿಟ್ಟ ಸದ್ದು, ಆಮೇಲೆ ಯಾರೋ ಕೂಗಿದ್ದು, ನಾಯಿ ಬೊಗಳಿದ್ದು, ಎಲ್ಲ ಕೇಳುತ್ತಿತ್ತು. ಬಂದವರು ಏದುಸಿರು ಬಿಡುತ್ತಾ ಕೇಳಿದ ಮೊದಲ ಮಾತು: ‘ನನ್ ಮಗುಂಗೆ ಏನಾಯ್ತು, ಹೇಳಪ್ಪಾ!’

ಏನೂ ಆಗಿಲ್ಲಮ್ಮ ಅಂತ ಎಷ್ಟು ಸಲ ಹೇಳಿದರೂ ಅವರು ನಂಬಲಿಲ್ಲ. ಏನೂ ಇಲ್ಲದೆ ಇಷ್ಟೊತ್ತಲ್ಲಿ ಹಾಸನದಿಂದ ಯಾರಾದರೂ ಫೋನ್ ಮಾಡುತ್ತಾರಾ? ಮನೆಯಲ್ಲಿ ಟಿವಿ ಇರಲಿಲ್ಲ. ಮಗ ‘ಕ್ಯಾಂಪಿನಲ್ಲಿದೀನಿ, ಕಾಗದ ತಡ ಆಗಬಹುದು’ ಅಂತ ಬರೆದಿದ್ದನ್ನೇ ನಂಬಿಕೊಂಡು ಸಮಾಧಾನವಾಗಿದ್ದವರು. ನನ್ನ ಕಳವಳ ತಡೆಯಲಾರದೆ ಅವರ ನಿದ್ದೆ ಕೆಡಿಸಿದೆ. ಬೆಳಿಗ್ಗೆ ಮೊದಲನೇ ಬಸ್ಸಿಗೆ ಅರಕಲಗೂಡಿಗೆ ಹೋದೆ. ಅವರು ಬಾಗಿಲಲ್ಲೇ ಕೂತಿದ್ದರು, ರಾತ್ರಿಯೆಲ್ಲ ಮಲಗಿರಲಿಲ್ಲ. ಅವತ್ತು ಬಂದ ಪೇಪರನ್ನು ಅವರ ಮುಂದೆ ಹರಡಿ, ಅದರಲ್ಲಿದ್ದ ಹೆಸರುಗಳನ್ನೆಲ್ಲ ಒಂದೊಂದಾಗಿ ಓದಿ, ಇವನ ಹೆಸರಿಲ್ಲ ಅಂತ ತೋರಿಸಿದೆ. ಓದು ಬಾರದ ಆ ತಾಯಿ ಪ್ರತಿ ಹೆಸರಿಗೂ ‘ಅದ್ಯಾರ ಮಗನೋ ಪಾಪ’ ಅಂದರು. ಆ ಯುದ್ಧದಲ್ಲಿ ನಮ್ಮವರು 527 ಮಂದಿ ತೀರಿಕೊಂಡರು. ಆ ಸಂಖ್ಯೆ ಎಲ್ಲಿ ಓದಿದರೂ ನನಗೆ ಅವರ ಆ ದನಿ ಕೇಳಿಸುತ್ತದೆ.

ಆಮೇಲೆ ಎರಡು ತಿಂಗಳು ಭಾನುವಾರ ಭಾನುವಾರ ಹೋದೆ. ಹೋಗಿ ದೊಡ್ಡ ಮಾತೇನೂ ಆಡುತ್ತಿರಲಿಲ್ಲ. ರೊಟ್ಟಿ ತಿನ್ನುವುದು, ಅವರು ಹೇಳಿದ ನಾಲ್ಕು ಸಾಲು ಅವನಿಗೆ ಬರೆದುಕೊಡುವುದು. ನಮ್ಮ ಬ್ಯಾಚಿನವರಿಗೆಲ್ಲ ಹೇಳಿಬಿಟ್ಟೆವು, ಆ ಮನೆಗೆ ಹೋಗುವವನು ದುದ್ದ ಒಬ್ಬನೇ, ಏನಿದ್ದರೂ ಅವನನ್ನು ಕೇಳಿ ಅಂತ. ನಿಮ್ಮ ಬ್ಯಾಚಿನಲ್ಲೂ ಹೀಗೆ ಒಬ್ಬರನ್ನು ಗೊತ್ತು ಮಾಡಿ. ನಲವತ್ತು ಜನ ನಲವತ್ತು ಸಲ ‘ಏನಾದ್ರೂ ಸುದ್ದಿ ಬಂತಾ ಆಂಟಿ’ ಅಂತ ಕೇಳಿದರೆ ಆ ಮನೆಯವರು ತಡೆದುಕೊಳ್ಳುವುದು ಹೇಗೆ?

ಇನ್ನು ಅವನಿಗೆ ಏನು ಬರೆಯುವುದು ಅನ್ನುವ ವಿಷಯ. ನನ್ನ ಮೊದಲ ಇನ್‌ಲ್ಯಾಂಡಿನಲ್ಲಿ ಬರೀ ಪ್ರಶ್ನೆ ಇತ್ತು. ಎಲ್ಲಿದ್ದೀಯ, ಹೇಗಿದೆ, ಗುಂಡಿನ ಸದ್ದು ಕೇಳುತ್ತಾ. ಎರಡನೆಯದು ಬರೆಯುವಾಗ ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಆಲೂಗೆಡ್ಡೆ ಬಿತ್ತನೆ ಕೆಲಸದಲ್ಲಿ ಮುಳುಗಿದ್ದೆ, ಹಾಗಾಗಿ ಅದನ್ನೇ ಬರೆದೆ. ಎಪಿಎಂಸಿಯಲ್ಲಿ ಜಲಂಧರದ ಬಿತ್ತನೆ ಗೆಡ್ಡೆ ಯಾವ ರೇಟಿಗೆ ಹೋಯಿತು, ಮಳೆ ಹದವಾಗಿ ಬಂತಾ, ಅಂಗಮಾರಿ ರೋಗ ಈ ಸಲ ಯಾವ ಹೊಲದಲ್ಲಿ ಕಾಣಿಸಿಕೊಂಡಿತು, ಸಕಲೇಶಪುರದವನ ಮದುವೆಗೆ ಯಾರ‍್ಯಾರು ಬಂದಿದ್ದರು. ಪ್ರತಿ ಕಾಗದದ ಮೂಲೆಯಲ್ಲಿ ನಂಬರು ಹಾಕುತ್ತಿದ್ದೆ, ಕೊನೆಯಲ್ಲಿ ‘ಉತ್ತರ ಬರೀಬೇಡ’ ಅಂತ. ವಾರಕ್ಕೊಂದರಂತೆ ಒಂಬತ್ತು ಕಾಗದ.

ಜುಲೈ ಕೊನೆಯಲ್ಲಿ ಅವನದು ಒಂದು ಬಂತು. ಎಂಟೇ ಸಾಲು. ಯುದ್ಧದ ಮಾತಿಲ್ಲ. ‘4 ಮತ್ತು 5 ಮೊದಲು ಬಂತು, 2 ಆಮೇಲೆ. ಮೂಲೆ ಹೊಲಕ್ಕೆ ಔಷಧಿ ಹೊಡೆದೆಯೋ ಇಲ್ಲವೋ ಬರೆದೇ ಇಲ್ಲ. ಅವ್ವ ರೊಟ್ಟಿ ಕೊಟ್ಟರೆ ಬೇಡ ಅನ್ನಬೇಡ.’ ಡಿಸೆಂಬರಿನಲ್ಲಿ ರಜೆಗೆ ಬಂದ, ಅರಸೀಕೆರೆ ಸ್ಟೇಷನ್ನಿಗೆ ಹೋಗಿ ಕರೆದುಕೊಂಡು ಬಂದೆವು. ನನ್ನ ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟುಕೊಂಡಿದ್ದ. ಮಡಿಕೆಗಳು ಸವೆದು ತೂತು ಬಿದ್ದಿದ್ದವು, ಬಿಚ್ಚಿದರೆ ಸೀಮೆಎಣ್ಣೆ ವಾಸನೆ. ಪ್ರಶ್ನೆ ತುಂಬಿದ್ದ ಮೊದಲನೆಯದು ಮಾತ್ರ ಹೊಸದರಂತೆಯೇ ಇತ್ತು. ಯಾಕೆ ಅಂತ ಕೇಳಿದ್ದಕ್ಕೆ, ‘ಅದಕ್ಕೆ ಏನು ಉತ್ತರ ಬರೀಬೇಕು ಅಂತ ಗೊತ್ತಾಗಲಿಲ್ಲ ಕಣೋ, ತೆಗೆಯೋಕೇ ಮನಸ್ಸು ಬರಲಿಲ್ಲ’ ಅಂದ.

ನಿಮ್ಮ ಕಾಲಕ್ಕೆ ಬರೋಣ. ಒಂದೇ ಟಿಕ್ ಅಂದರೆ ಫೋನ್ ಆಫ್ ಇದೆ ಅಥವಾ ನೆಟ್‌ವರ್ಕ್ ಇಲ್ಲ, ಅಷ್ಟೇ. ಜಮ್ಮುವಿನಲ್ಲಿ ಮೇ 8ರ ರಾತ್ರಿ ದೀಪವನ್ನೇ ಆರಿಸಿದ್ದರು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ ಹುಡುಕಿ ಸಿಗದಿದ್ದರೆ ಗಾಬರಿಯಾಗಬೇಡಿ. ಅವೆರಡೂ ಸೇರಿ 89 ಆ್ಯಪ್‌ಗಳನ್ನು ತೆಗೆದುಹಾಕಿ ಅಂತ ಸೇನೆ 2020ರಲ್ಲೇ ತನ್ನವರಿಗೆ ಹೇಳಿತ್ತು. ‘ಎಲ್ಲಿದ್ದೀಯ’ ಅಂತ ಮಾತ್ರ ಬರೆಯಲೇಬೇಡಿ. ಸೇನಾ ವಾಹನ ಹೋಗುತ್ತಿರುವ ವಿಡಿಯೊ ಗ್ರೂಪಿಗೆ ಹಾಕಿ ‘ಇದು ನಮ್ಮವನ ಯೂನಿಟ್ಟಾ’ ಅಂತ ಯಾರಾದರೂ ಕೇಳಿದರೆ ಆ ಕ್ಷಣವೇ ಡಿಲೀಟ್ ಮಾಡಿಸಿ. 2025ರ ಏಪ್ರಿಲ್ 26ರಂದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಸೇನೆಯ ಚಲನವಲನ ನೇರಪ್ರಸಾರ ಮಾಡಬೇಡಿ ಅಂತ ಮಾಧ್ಯಮಗಳಿಗೆ ಸೂಚನೆ ಕೊಟ್ಟಾಗ ಉದಾಹರಣೆಗೆ ಎತ್ತಿಕೊಂಡಿದ್ದರಲ್ಲಿ ಕಾರ್ಗಿಲ್ ಕೂಡ ಒಂದು. ಟಿವಿಯವರಿಗೆ ಹೇಳಿದ್ದು ನಮ್ಮ ಗ್ರೂಪಿಗೂ ಅನ್ವಯಿಸುತ್ತದೆ ಅಂತಲೇ ನಾನು ತಿಳಿದಿದ್ದೇನೆ.

ವಿಡಿಯೊ ಕಾಲ್ ಬೇಡ. 2022ರಲ್ಲಿ ನಮ್ಮ ಪರಿಚಯದವರ ಮಗಳು ಖಾರ್ಕಿವ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ, ಊರಿನಿಂದ ಹೋಗುತ್ತಿದ್ದ ಕಾಲ್‌ಗಳಿಂದಲೇ ಅವಳ ಫೋನಿನ ಚಾರ್ಜು ಮುಗಿದುಹೋಗುತ್ತಿತ್ತು. ಅಕ್ಷರದಲ್ಲಿ ಬರೆಯಿರಿ, ಫೋನ್ ಆನ್ ಆದಾಗ ತಾನಾಗಿ ತಲುಪುತ್ತದೆ.

ಈ ವಾರ ಅರಕಲಗೂಡಿನವನಿಗೆ ಫೋನ್ ಮಾಡಿದ್ದೆ. ನಿವೃತ್ತನಾಗಿ ಮೈಸೂರಿನಲ್ಲಿದ್ದಾನೆ. ನಿಮ್ಮ ಪ್ರಶ್ನೆ ಓದಿ ಹೇಳಿದೆ. ‘ಅವರ ಕಾಲೇಜಿನ ಹತ್ತಿರ ಕಾಫಿ ಕುಡೀತಿದ್ದ ಹೋಟ್ಲು ಇರುತ್ತಲ್ಲ, ಅದು ಇನ್ನೂ ಇದೆಯಾ, ಈಗ ಯಾರು ನಡೆಸ್ತಿದಾರೆ, ಅದನ್ನ ಬರೆಯೋಕೆ ಹೇಳು’ ಅಂದ. ಹೋಗಿ ನೋಡಿಕೊಂಡು ಬಂದು ಬರೆಯಿರಿ. ಅವರ ತಾಯಿಯ ಮನೆಗೆ ಹೋಗುವುದಾದರೆ ಬೆಳಗಿನ ಹೊತ್ತು ಹೋಗಿ, ಬಾಗಿಲಲ್ಲಿ ನಿಂತಾಗಲೇ ‘ಏನೂ ವಿಶೇಷ ಇಲ್ಲಮ್ಮ, ಈ ಕಡೆ ಬಂದಿದ್ದೆ, ನೋಡಿಕೊಂಡು ಹೋಗೋಣ ಅಂತ’ ಅಂದುಬಿಡಿ. ಆಮೇಲೆ ಉಳಿದ ಮಾತು.